ಇಂಜೆಕ್ಷನ್ ಕೊಟ್ಟಿದ್ದೀರಿ, ಇನ್ನು ಯಾರ ಕೆಲಸ ಅಂತಲೂ ಬರೆದುಕೊಡಿ

ಮಾನ್ಯ ಆರೋಗ್ಯ ಸಚಿವರಿಗೆ ಮತ್ತು ಆರೋಗ್ಯ ಇಲಾಖೆಯ ಹಿರಿಯ ಅಧಿಕಾರಿಗಳಿಗೆ,

ನಮಸ್ಕಾರ.

ತಾಲ್ಲೂಕು ಆಸ್ಪತ್ರೆಗಳಲ್ಲಿ ಫಿಸಿಷಿಯನ್ ಆಗಿ 24 ವರ್ಷ ಕೆಲಸ ಮಾಡಿ ಈಗ ಮನೆಯಲ್ಲಿದ್ದೇನೆ. ಸಂಜೆ ಹೊತ್ತು ಮುಂದಿನ ಕೋಣೆಯಲ್ಲಿ ಕೂತು ಬಂದವರ ಬಿಪಿ ನೋಡುತ್ತೇನೆ, ಅಷ್ಟೇ. ಹೃದಯಾಘಾತದ ಚಿಕಿತ್ಸೆ ಬಗ್ಗೆ ಬರೆಯುತ್ತಿರುವ ಈ ಪತ್ರಕ್ಕೆ ಕಾರಣ ಒಂದು ಹಳೆಯ ತಪ್ಪು. ಅದು ನನ್ನದೇ ತಪ್ಪು. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

2011ರ ಆಷಾಢ. ಮಲೆನಾಡಿನ ಒಂದು ಊರು, ಹೆಸರು ಬೇಡ. ರಾತ್ರಿ ಹನ್ನೊಂದರ ಹೊತ್ತಿಗೆ ಒಬ್ಬರನ್ನು ಜೀಪಿನಲ್ಲಿ ಕರೆತಂದರು. ಅಡಿಕೆ ಮರ ಹತ್ತುವ ಕೆಲಸ, ವಯಸ್ಸು 46. “ಎದೆ ಉರೀತದೆ ಡಾಕ್ಟ್ರೇ, ಗ್ಯಾಸ್ಟ್ರಿಕ್ ಇರ್ಬೇಕು” ಅಂದರು. ಮನೆಯಲ್ಲಿ ಜೀರಿಗೆ ಕಷಾಯ ಆಗಿತ್ತು, ಅಂಗಡಿ ಸೋಡಾ ಆಗಿತ್ತು, ಮೆಡಿಕಲ್ ಶಾಪಿನವರು ಕೊಟ್ಟ ಮಾತ್ರೆಯೂ ಆಗಿತ್ತು. ಅಷ್ಟರಲ್ಲಿ ಎರಡು ಗಂಟೆ ಕಳೆದಿತ್ತು. ಅವರ ಬೆವರು ನೋಡಿಯೇ ನನಗೆ ಅನುಮಾನ ಬಂತು. ಇಸಿಜಿ ಮೆಷಿನ್ ಇದ್ದದ್ದು ಓಪಿಡಿ ಕೋಣೆಯಲ್ಲಿ, ಆ ಕೋಣೆಯ ಬೀಗದ ಕೈ ಇದ್ದದ್ದು ಟೆಕ್ನಿಷಿಯನ್ ಮನೆಯಲ್ಲಿ. ಒಬ್ಬ ಹುಡುಗನನ್ನು ಬೈಕಿನಲ್ಲಿ ಓಡಿಸಿ ಕೀ ತರಿಸಿದೆವು. ಇಸಿಜಿ ಕೈಗೆ ಬರುವ ಹೊತ್ತಿಗೆ ಇನ್ನೂ ಮುಕ್ಕಾಲು ಗಂಟೆ ಹೋಗಿತ್ತು. ಹೃದಯದ ಮುಂಭಾಗಕ್ಕೆ ಆದ ದೊಡ್ಡ ಅಟ್ಯಾಕ್. ಸಂದೇಹಕ್ಕೆ ಜಾಗವೇ ಇರಲಿಲ್ಲ.

ಸ್ಟೋರಿನಲ್ಲಿ ಸ್ಟ್ರೆಪ್ಟೊಕೈನೇಸ್ ಎರಡು ವಯಲ್ ಇತ್ತು. ರಕ್ತನಾಳದಲ್ಲಿ ಕಟ್ಟಿದ ಹೆಪ್ಪು ಕರಗಿಸುವ ಔಷಧ ಅದು. ಹತ್ತಿರದ ಕ್ಯಾಥ್ ಲ್ಯಾಬ್‌ಗೆ, ಅಂದರೆ ಬಲೂನ್ ಹಾಕಿ ರಕ್ತನಾಳ ತೆರೆಯುವ ಆಂಜಿಯೋಪ್ಲಾಸ್ಟಿ ಮಾಡುವ ಜಾಗಕ್ಕೆ, ಘಾಟಿ ಇಳಿದು, ಆ ಮಳೆಯಲ್ಲಿ, ಮೂರೂವರೆ ಗಂಟೆ ದಾರಿ. ಎರಡು ಗಂಟೆಯೊಳಗೆ ಆಂಜಿಯೋಪ್ಲಾಸ್ಟಿ ಆಗುವ ಹಾಗಿಲ್ಲದಿದ್ದರೆ ಇದ್ದಲ್ಲೇ ಇಂಜೆಕ್ಷನ್ ಕೊಡಿ ಅಂತ ಮಾರ್ಗಸೂಚಿ ಹೇಳುತ್ತದೆ. ಅದು ನನಗೆ ಗೊತ್ತಿತ್ತು. ಅದರ ಪ್ರಿಂಟ್ ನನ್ನ ಮೇಜಿನ ಡ್ರಾಯರ್‌ನಲ್ಲೇ ಇತ್ತು. ಆದರೂ ಆಸ್ಪಿರಿನ್ ಅಗಿಯೋಕೆ ಕೊಟ್ಟು ರೆಫರ್ ಲೆಟರ್ ಬರೆದೆ.

ಅವರು ದಾರಿಯಲ್ಲೇ ಹೋಗಿಬಿಟ್ಟರು.

ಹತ್ತು ದಿನ ಕಳೆದ ಮೇಲೆ ಅವರ ಹೆಂಡತಿ ಯಾವುದೋ ಕಾಗದಕ್ಕೆ ಸಹಿ ಹಾಕಿಸಿಕೊಳ್ಳಲು ಬಂದರು. “ನೀವಾದ್ರೂ ತಡ ಮಾಡದೆ ದೊಡ್ಡಾಸ್ಪತ್ರೆಗೆ ಕಳಿಸಿದ್ರಿ, ನಮ್ಮ ಹಣೇಲಿ ಬರೆದಿರ್ಲಿಲ್ಲ” ಅಂತ ಕೈ ಮುಗಿದರು. ಆ ನಮಸ್ಕಾರ ನನಗೆ ಇನ್ನೂ ಜೀರ್ಣ ಆಗಿಲ್ಲ.

ಯಾಕೆ ಕೊಡಲಿಲ್ಲ? ಹೆದರಿಕೆ. ಈ ಔಷಧದಿಂದ ಸುಮಾರು ನೂರರಲ್ಲಿ ಒಬ್ಬರಿಗೆ ಮಿದುಳಿನಲ್ಲಿ ರಕ್ತಸ್ರಾವ ಆಗಬಹುದು. ಆ ಒಬ್ಬರು ಇವತ್ತೇ ಸಿಕ್ಕಿಬಿಟ್ಟರೆ? ಹೊರಗೆ ಜೀಪಿನಲ್ಲಿ ಬಂದ ಎಂಟು ಜನ. ಒಳಗೆ ನಾನು, ಒಬ್ಬರು ಸಿಸ್ಟರ್, ಒಬ್ಬ ಡಿ ಗ್ರೂಪ್ ನೌಕರ. ಇಂಜೆಕ್ಷನ್ ಕೊಟ್ಟ ಮೇಲೆ ಸತ್ತರೆ “ಡಾಕ್ಟ್ರು ಸೂಜಿ ಚುಚ್ಚಿ ಸಾಯಿಸಿದ್ರು”. ದಾರಿಯಲ್ಲಿ ಸತ್ತರೆ “ಹಣೆಬರಹ”. ನಮ್ಮ ವೃತ್ತಿಯಲ್ಲಿ ರೆಫರ್ ಅನ್ನುವಷ್ಟು ಕ್ಷೇಮದ ಪದ ಇನ್ನೊಂದಿಲ್ಲ. ಕ್ಷೇಮ ಬರೆಯುವವನಿಗೆ ಮಾತ್ರ. ವೈದ್ಯರ ಮೇಲಿನ ಹಲ್ಲೆ ತಡೆಯೋಕೆ ನಮ್ಮ ರಾಜ್ಯದಲ್ಲಿ 2009ರಲ್ಲೇ ಕಾಯ್ದೆ ಬಂದಿದೆ. ರಾತ್ರಿ ಹನ್ನೊಂದಕ್ಕೆ ಕ್ಯಾಶುವಾಲ್ಟಿಯಲ್ಲಿ ನಿಂತವನಿಗೆ ಕಾಯ್ದೆ ನೆನಪಾಗಲ್ಲ, ಹಿಂಬಾಗಿಲು ಎಲ್ಲಿದೆ ಅನ್ನೋದು ನೆನಪಾಗುತ್ತದೆ.

ಇದು ನನ್ನೊಬ್ಬನ ಪುಕ್ಕಲುತನ ಅಂದುಕೊಂಡಿದ್ದೆ. ಆಮೇಲೆ ಓದುತ್ತಾ ಹೋದಾಗ ತಿಳಿಯಿತು, ಇಡೀ ವೈದ್ಯ ಲೋಕವೇ ಇದೇ ಔಷಧದ ಮುಂದೆ ವರ್ಷಗಟ್ಟಲೆ ಅನುಮಾನಿಸುತ್ತಾ ನಿಂತಿತ್ತು. 1992ರಲ್ಲಿ ಕೆಲವು ಸಂಶೋಧಕರು ಸ್ಟ್ರೆಪ್ಟೊಕೈನೇಸ್‌ನ 33 ಹಳೆಯ ಪ್ರಯೋಗಗಳನ್ನು ತೆಗೆದು, ನಡೆದ ವರ್ಷದ ಪ್ರಕಾರ ಒಂದೊಂದಾಗಿ ಕೂಡಿಸುತ್ತಾ ಹೋದರು. 1973ಕ್ಕೆ ಬರುವಾಗಲೇ, ಅಂದರೆ ಎಂಟು ಪ್ರಯೋಗ ಮತ್ತು 2,432 ರೋಗಿಗಳು ಆಗುವಾಗಲೇ, ಇದು ಜೀವ ಉಳಿಸುತ್ತದೆ ಅನ್ನುವುದು ಲೆಕ್ಕದಲ್ಲಿ ಸ್ಪಷ್ಟವಾಗಿತ್ತು. ಅದಾದ ಮೇಲೂ 25 ಪ್ರಯೋಗ ನಡೆದವು, 34 ಸಾವಿರಕ್ಕೂ ಜಾಸ್ತಿ ರೋಗಿಗಳ ಮೇಲೆ. 1988ರಲ್ಲಿ 17,187 ರೋಗಿಗಳ ದೊಡ್ಡ ಪ್ರಯೋಗ ಬಂದಾಗ ಎಲ್ಲರೂ ಒಪ್ಪಿದರು. ಆಸ್ಪಿರಿನ್ ಒಂದೇ ಕೊಟ್ಟರೆ ಐದು ವಾರದಲ್ಲಿ ಆಗುವ ಸಾವು ಶೇ. 23ರಷ್ಟು ಕಡಿಮೆ, ಆಸ್ಪಿರಿನ್, ಸ್ಟ್ರೆಪ್ಟೊಕೈನೇಸ್ ಎರಡನ್ನೂ ಕೊಟ್ಟರೆ ಶೇ. 42ರಷ್ಟು ಕಡಿಮೆ. 1973ರಿಂದ 1988. ಆ ಹದಿನೈದು ವರ್ಷ ಸತ್ತವರ ಲೆಕ್ಕ ಯಾರ ಹತ್ತಿರವೂ ಇಲ್ಲ.

ಸಂಶೋಧನೆ ರೋಗಿಯ ಹಾಸಿಗೆ ತನಕ ಬರೋಕೆ ಸರಾಸರಿ 17 ವರ್ಷ ಬೇಕು ಅಂತ 2000ರಲ್ಲಿ ಇನ್ನೊಂದು ಅಂದಾಜು ಬಂತು. ವೈದ್ಯಕೀಯ ಸಮ್ಮೇಳನಗಳಲ್ಲಿ ಈ ಅಂಕಿಯನ್ನು ಕೇಳಿ ಕೇಳಿ ಸಾಕಾಗಿದೆ. ಪರದೆ ಮೇಲೆ 17 ಅಂತ ದೊಡ್ಡದಾಗಿ ಬರುತ್ತದೆ, ಎಲ್ಲರೂ ತಲೆ ಆಡಿಸುತ್ತಾರೆ, ಆಮೇಲೆ ಊಟಕ್ಕೆ ಹೋಗುತ್ತಾರೆ.

ನಾನು ಹೊಸ ಡ್ಯೂಟಿ ಡಾಕ್ಟರ್‌ಗಳಿಗೆ ಬಾಯಿಪಾಠ ಮಾಡಿಸುತ್ತಿದ್ದದ್ದು ಬೇರೆ ಲೆಕ್ಕ, 1996ರಲ್ಲಿ ಬಂದದ್ದು. ನೋವು ಶುರುವಾದ ಮೊದಲ ಗಂಟೆಯೊಳಗೆ ಹೆಪ್ಪು ಕರಗಿಸುವ ಔಷಧ ಸಿಕ್ಕರೆ ಸಾವಿರ ಜನರಲ್ಲಿ 65 ಜೀವ ಹೆಚ್ಚಿಗೆ ಉಳಿಯುತ್ತದೆ. ಎರಡನೇ ಗಂಟೆಯಲ್ಲಿ ಸಿಕ್ಕರೆ 37. ಮೂರನೇ ಗಂಟೆಯಲ್ಲಿ 26. ಬೀಗದ ಕೈ ತರೋಕೆ ಹೋದ ಆ ಮುಕ್ಕಾಲು ಗಂಟೆಗೆ ಎಷ್ಟು ಬೆಲೆ ಅಂತ ಇದರಲ್ಲೇ ಗೊತ್ತಾಗುತ್ತದೆ.

ಇನ್ನು ವಿಷಯಕ್ಕೆ ಬರುತ್ತೇನೆ.

ಮಾರ್ಗಸೂಚಿಗಳಲ್ಲಿ ಏನು ಮಾಡಬೇಕು ಅಂತ ಇರುತ್ತದೆ, ಎಷ್ಟು ನಿಮಿಷದೊಳಗೆ ಅಂತಲೂ ಇರುತ್ತದೆ. ಯಾರು ಮಾಡಬೇಕು ಅಂತ ಇರಲ್ಲ. ರೋಗಿ ಬಂದ 10 ನಿಮಿಷದೊಳಗೆ ಇಸಿಜಿ ಆಗಬೇಕು. ಆಗಬೇಕು ಸರಿ, ತೆಗೆಯುವವರು ಯಾರು? ಸಿಸ್ಟರ್ ತಾವಾಗಿಯೇ ತೆಗೆಯಬಹುದಾ, ಡಾಕ್ಟರ್ ಬಂದು ಬರೆದ ಮೇಲೆ ತೆಗೆಯಬೇಕಾ? ಟೆಕ್ನಿಷಿಯನ್ ಇಲ್ಲದ ರಾತ್ರಿ ಯಾರು? ಕನ್ನಡಕ್ಕೆ ಕರ್ಮಣಿ ಪ್ರಯೋಗ ಅಷ್ಟಾಗಿ ಒಗ್ಗಲ್ಲ ಅಂತ ನಮ್ಮ ಮೇಷ್ಟ್ರು ಹೇಳುತ್ತಿದ್ದರು. ಇಲಾಖೆಯ ಸುತ್ತೋಲೆಗಳಲ್ಲಿ ಮಾತ್ರ ಅದೇ ತುಂಬಿರುತ್ತದೆ. “ಕ್ರಮ ಕೈಗೊಳ್ಳತಕ್ಕದ್ದು”, “ಕ್ರಮ ಕೈಗೊಳ್ಳಲಾಗುವುದು”. ಕೈ ಯಾರದ್ದು ಸ್ವಾಮಿ?

ಅಮೆರಿಕದಲ್ಲಿ ಈ ಪ್ರಶ್ನೆಯ ಬೆನ್ನು ಹತ್ತಿದವರು ಗೆದ್ದರು. ಅಟ್ಯಾಕ್ ಆದವರು ಆಸ್ಪತ್ರೆ ಬಾಗಿಲಿಗೆ ಬಂದಾಗಿನಿಂದ ರಕ್ತನಾಳದಲ್ಲಿ ಬಲೂನ್ ಉಬ್ಬಿಸುವ ತನಕ ಎಷ್ಟು ನಿಮಿಷ ಹಿಡಿಯುತ್ತದೆ ಅಂತ 365 ಆಸ್ಪತ್ರೆಗಳಲ್ಲಿ ನೋಡಿದರು, 2006ರಲ್ಲಿ ಪ್ರಕಟಿಸಿದರು. ಬೇಗ ಮುಗಿಸುವ ಆಸ್ಪತ್ರೆಗಳಲ್ಲಿ ಹೊಸ ಮೆಷಿನ್ನೇನೂ ಇರಲಿಲ್ಲ. ಹೃದಯ ತಜ್ಞರ ಒಪ್ಪಿಗೆಗೆ ಕಾಯದೆ ತುರ್ತು ವಿಭಾಗದ ಡಾಕ್ಟರೇ ಕ್ಯಾಥ್ ಲ್ಯಾಬ್ ತಂಡವನ್ನು ಕರೆಸುವ ಅಧಿಕಾರ ಇದ್ದಲ್ಲಿ ಸುಮಾರು 8 ನಿಮಿಷ ಉಳಿಯುತ್ತಿತ್ತು. ಒಂದೇ ಫೋನ್ ಕರೆಯಲ್ಲಿ ಇಡೀ ತಂಡಕ್ಕೆ ಸುದ್ದಿ ಮುಟ್ಟುವ ಕಡೆ ಸುಮಾರು 14 ನಿಮಿಷ. ಕರೆದ 20 ನಿಮಿಷದೊಳಗೆ ತಂಡ ಬಂದು ನಿಲ್ಲಬೇಕು ಅಂತ ನಿಯಮ ಇದ್ದಲ್ಲಿ 19 ನಿಮಿಷ. ಎಲ್ಲವೂ ಯಾರು, ಯಾರು, ಯಾರು ಅನ್ನುವುದಕ್ಕೆ ಉತ್ತರಗಳೇ. ಅದೇ ವರ್ಷ ಅಲ್ಲಿನ ಹೃದಯ ತಜ್ಞರ ಸಂಘ ಈ ಉಪಾಯಗಳನ್ನು ಹಿಡಿದು ದೇಶದ ತುಂಬ ಅಭಿಯಾನ ಶುರು ಮಾಡಿತು. 2005ರಲ್ಲಿ 96 ನಿಮಿಷ ಹಿಡಿಯುತ್ತಿದ್ದದ್ದು 2010ರಲ್ಲಿ 64ಕ್ಕೆ ಇಳಿಯಿತು. ಐದೇ ವರ್ಷ.

ನಮ್ಮ ಕಡೆಯ ಲೆಕ್ಕ ಬೇಕಾದರೆ ಬೆಂಗಳೂರಿನ ಸೇಂಟ್ ಜಾನ್ಸ್‌ನವರು ಮುಂದೆ ನಿಂತು ಮಾಡಿದ ‘ಕ್ರಿಯೇಟ್’ ಅಧ್ಯಯನ ಇದೆ. 2008ರಲ್ಲಿ ಬಂತು. ದೇಶದ 89 ಕೇಂದ್ರಗಳು, 20,468 ರೋಗಿಗಳು. ನೋವು ಶುರುವಾಗಿ ಆಸ್ಪತ್ರೆ ಮುಟ್ಟೋಕೆ ಮಧ್ಯಮ ಲೆಕ್ಕದಲ್ಲಿ 360 ನಿಮಿಷ. ಆರು ಗಂಟೆ! ಒಳಗೆ ಬಂದ ಮೇಲೆ ಇಂಜೆಕ್ಷನ್‌ಗೆ ಇನ್ನೂ 50 ನಿಮಿಷ. ಅದರಲ್ಲಿ ನನ್ನನ್ನು ಕಾಡಿದ್ದು ಇನ್ನೊಂದು ಸಾಲು. ತಿಂಗಳೊಳಗೆ ಸತ್ತವರು ಬಡವರಲ್ಲಿ ಶೇ. 8.2, ಶ್ರೀಮಂತರಲ್ಲಿ ಶೇ. 5.5. ಬಡವರ ಕಾಯಿಲೆಯೇ ಜೋರಾಗಿತ್ತಾ ಅಂತ ನೋಡಿದರು. ಅದರಿಂದ ಅಂತರ ಹೋಗಲಿಲ್ಲ. ಸಿಕ್ಕ ಚಿಕಿತ್ಸೆಯ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿದ ಕೂಡಲೇ ಅಂತರ ಮಾಯ. ಅಂದರೆ, ಅದೇ ಮದ್ದು ಸಿಕ್ಕಿದ್ದರೆ ಬಡವರೂ ಅಷ್ಟೇ ಬದುಕುತ್ತಿದ್ದರು.

ಅಲ್ಲಿಂದ ಇಲ್ಲಿಗೆ ನೀವು ದೊಡ್ಡ ಹೆಜ್ಜೆಯನ್ನೇ ಇಟ್ಟಿದ್ದೀರಿ. ಅದನ್ನು ಹೇಳದಿದ್ದರೆ ಈ ಪತ್ರಕ್ಕೆ ಮರ್ಯಾದೆ ಇರಲ್ಲ. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ಹೋದಾಗ ಇಡೀ ನಾಡು ಎದೆ ಮುಟ್ಟಿ ನೋಡಿಕೊಂಡಿತು. ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ಜಯದೇವದಂಥ ದೊಡ್ಡ ಕೇಂದ್ರಕ್ಕೆ ಹೋಗುತ್ತದೆ, ತಜ್ಞರು ನೋಡಿ ಹೇಳುತ್ತಾರೆ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಪುಕ್ಕಟೆ. ಹೊರಗೆ ಅದಕ್ಕೆ ಹತ್ತಾರು ಸಾವಿರ ರೂಪಾಯಿ. ನಮ್ಮ ಕಾಲದ ಸ್ಟ್ರೆಪ್ಟೊಕೈನೇಸ್‌ನ್ನು ಅರ್ಧದಿಂದ ಒಂದು ಗಂಟೆ ಡ್ರಿಪ್‌ನಲ್ಲಿ ಬಿಡುತ್ತಾ ಬಿಪಿ ಬೀಳುತ್ತದಾ ಅಂತ ಕಾಯುತ್ತಾ ಕೂರಬೇಕಿತ್ತು. ಇದನ್ನು ತೂಕ ನೋಡಿ ಹತ್ತು ಸೆಕೆಂಡಿನಲ್ಲಿ ಒಂದೇ ಸಲ ಕೊಟ್ಟರೆ ಆಯಿತು. ಮಂಗಳೂರಿನಲ್ಲಿ ಡಾ. ಪದ್ಮನಾಭ ಕಾಮತ್ ಅವರು ಅದಕ್ಕೂ ಮುಂಚೆಯೇ ಹಳ್ಳಿ ಕಡೆಯ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಮೆಷಿನ್ ಕೊಡಿಸಿ, ವಾಟ್ಸಾಪ್ ಗುಂಪುಗಳಲ್ಲೇ ಇಸಿಜಿ ಓದಿ ಹೇಳುವ ಕೆಲಸ ಶುರು ಮಾಡಿದ್ದರು. ಪಕ್ಕದ ತಮಿಳುನಾಡಿನಲ್ಲಿ ನಾಲ್ಕು ದೊಡ್ಡ ಆಸ್ಪತ್ರೆಗಳ ಸುತ್ತ ಸಣ್ಣ ಆಸ್ಪತ್ರೆಗಳನ್ನು ಹೀಗೇ ಜೋಡಿಸಿ 2,420 ರೋಗಿಗಳನ್ನು ನೋಡಿದಾಗ, ಒಂದು ವರ್ಷದೊಳಗಿನ ಸಾವು ಶೇ. 17.6ರಿಂದ 14.2ಕ್ಕೆ ಇಳಿದಿತ್ತು. ದಾರಿ ಸರಿ ಇದೆ.

ಆದರೆ ಕಳೆದ ವರ್ಷ ಒಬ್ಬ ಯುವ ವೈದ್ಯರು, ಯಾವ ಊರು ಅಂತ ಹೇಳಲ್ಲ, ನನ್ನ ಹತ್ತಿರ ಕೂತು ಟೀ ಕುಡಿಯುತ್ತಾ ಹೇಳಿದರು: “ಮೇಲಿನಿಂದ ಅಟ್ಯಾಕ್ ಅಂತ ಮೆಸೇಜ್ ಬರುತ್ತೆ ಸಾರ್. ಆದ್ರೆ ಕೇಸ್ ಶೀಟ್‌ನಲ್ಲಿ ಸಹಿ ನಂದೇ ಅಲ್ವಾ?” ನನ್ನ 2011ರ ಹೆದರಿಕೆಯೇ ಬೇರೆ ಶರ್ಟ್ ಹಾಕಿಕೊಂಡು ಎದುರಿಗೆ ಕೂತ ಹಾಗೆ ಆಯಿತು. ಮೆಷಿನ್ ಬಂದಿದೆ, ಔಷಧ ಬಂದಿದೆ, ಇಸಿಜಿ ಓದುವ ತಜ್ಞರೂ ಬಂದಿದ್ದಾರೆ. ಸಹಿಯ ಭಾರ ಮಾತ್ರ ಇನ್ನೂ ಒಂದೇ ಹೆಗಲ ಮೇಲಿದೆ.

ಹಾಗಾಗಿ ಮೊದಲ ಬೇಡಿಕೆ. ಎದೆನೋವು, ಎದೆ ಉರಿ, ದಿಢೀರ್ ಬೆವರು, ದವಡೆ ಅಥವಾ ಎಡಗೈ ಸೆಳೆತ ಅಂತ ಬಂದ 30 ವರ್ಷ ದಾಟಿದ ಯಾರಿಗೇ ಆಗಲಿ, ಡಾಕ್ಟರ್‌ಗೆ ಕಾಯದೆ ಇಸಿಜಿ ತೆಗೆಯುವುದು ಆ ಪಾಳಿಯ ಶುಶ್ರೂಷಾಧಿಕಾರಿಯ ಕೆಲಸ ಅಂತ ಹುದ್ದೆಯ ಹೆಸರು ಹಾಕಿ ಆದೇಶ ಮಾಡಿ. ಮೆಷಿನ್ ಕ್ಯಾಶುವಾಲ್ಟಿಯಲ್ಲೇ ಇರಲಿ, ಬೀಗ ಇಲ್ಲದೆ. ಇಸಿಜಿ ಓದುವ ಕೇಂದ್ರದ ತಜ್ಞರು ಇಂಜೆಕ್ಷನ್ ಕೊಡಿ ಅಂದ ಮೇಲೆ ಅವರ ಹೆಸರು, ಹೇಳಿದ ಸಮಯ ಕೇಸ್ ಶೀಟ್‌ನಲ್ಲಿ ದಾಖಲಾಗಲಿ. ಕೊಡಬಾರದ ಕಾರಣಗಳ ಪಟ್ಟಿಗೆ ಟಿಕ್ ಹಾಕಿ ಕೊಟ್ಟ ಔಷಧದಿಂದ ರಕ್ತಸ್ರಾವ ಆದರೆ ಅದು ಚಿಕಿತ್ಸೆಯ ಗೊತ್ತಿರುವ ಅಪಾಯ, ಡ್ಯೂಟಿ ಡಾಕ್ಟರ್‌ನ ತಪ್ಪಲ್ಲ, ಇಲಾಖೆ ಅವರ ಬೆನ್ನಿಗೆ ನಿಲ್ಲುತ್ತದೆ ಅಂತ ಬರೆದುಕೊಡಿ. 75 ದಾಟಿದವರಿಗೆ ಟೆನೆಕ್ಟೆಪ್ಲೇಸ್ ಅರ್ಧ ಡೋಸ್ ಸಾಕು ಅಂತ ಯುರೋಪಿನ 2023ರ ಮಾರ್ಗಸೂಚಿ ಹೇಳುತ್ತದೆ. ಇಂಥ ಸಣ್ಣ ಬದಲಾವಣೆ ಸಂಡೂರಿಗೋ ಸೂಪಾಕ್ಕೋ ಎಷ್ಟು ದಿನದಲ್ಲಿ ಮುಟ್ಟಬೇಕು, ಯಾರು ಮುಟ್ಟಿಸಬೇಕು? ಜಯದೇವ ಸಂಸ್ಥೆಗೇ ಒಪ್ಪಿಸಿ. ವರ್ಷಕ್ಕೊಮ್ಮೆ ಎರಡು ಪುಟ, ಕನ್ನಡದಲ್ಲಿ. ಇನ್ನೂರು ಪುಟದ ಇಂಗ್ಲಿಷ್ ಪಿಡಿಎಫ್ ಕಳಿಸಿ ಕೈ ತೊಳೆದುಕೊಳ್ಳುವುದು ಬೇಡ.

ರೋಗಿಗಳ ಕಡೆಯಿಂದಲೂ ತಡ ಇದೆ, ಅದನ್ನೂ ಹೇಳಬೇಕು. 2025ರ ಜೂನ್, ಜುಲೈನಲ್ಲಿ ಹಾಸನದ ಹೃದಯಾಘಾತದ ಸಾವುಗಳ ಸುದ್ದಿ ಬಂದಾಗ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಿನ ಜಾವವೇ ಸಾಲು. ನೀವು ಆ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ. ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿದಿರಿ. ಸಾಲಿನಲ್ಲಿದ್ದ ಬಹಳ ಜನಕ್ಕೆ ಯಾವ ನೋವೂ ಇರಲಿಲ್ಲ. ನಾವು ಸುದ್ದಿ ಕೇಳಿದಾಗ ಸಾಲು ನಿಲ್ಲುತ್ತೇವೆ, ನೋವು ಬಂದಾಗ ಸೋಡಾ ಕುಡಿಯುತ್ತೇವೆ. ಗ್ಯಾಸ್ಟ್ರಿಕ್ ಅನ್ನೋ ಆ ಒಂದು ಪದ ನಮ್ಮ ನಾಡಿನಲ್ಲಿ ಎಷ್ಟು ಜನರನ್ನು ತಿಂದಿದೆಯೋ. ಅದರಲ್ಲೂ ಹೆಂಗಸರು ಮತ್ತು ಸಕ್ಕರೆ ಕಾಯಿಲೆಯವರು. ಅವರಿಗೆ ಸಿನಿಮಾದಲ್ಲಿ ತೋರಿಸುವ ಹಾಗೆ ಎದೆ ಹಿಡಿದುಕೊಳ್ಳುವ ನೋವೇ ಬರದೆ ಇರಬಹುದು. ಬರೀ ಸುಸ್ತು, ವಾಂತಿ, ಉಸಿರು ಕಟ್ಟುವುದು, ಅಷ್ಟೇ.

ಇನ್ನು ಎರಡನೇ ವಿಷಯ. ಇದು ಮೊದಲನೆಯದಕ್ಕಿಂತ ದೊಡ್ಡದು, ಆದರೆ ಸದ್ದಿಲ್ಲದ್ದು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಏನಾಗುತ್ತದೆ?

ಈ ಯುಗಾದಿ ಆಸುಪಾಸಿನಲ್ಲಿ ನಿವೃತ್ತ ಬಸ್ ಕಂಡಕ್ಟರ್ ಒಬ್ಬರು ನನ್ನ ಕೋಣೆಗೆ ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಕವರ್, ಅದರೊಳಗೆ ಮಾತ್ರೆ ಹಾಳೆಗಳು, ಮಡಚಿ ಮಡಚಿ ಹರಿದ ಡಿಸ್ಚಾರ್ಜ್ ಸಮ್ಮರಿ. ಎರಡು ವರ್ಷದ ಹಿಂದೆ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿಸಿಕೊಂಡಿದ್ದಾರೆ, ಹೃದಯದ ಪಂಪು ಶೇ. 30ಕ್ಕೆ ಇಳಿದಿದೆ, ಮೆಟ್ಟಿಲು ಹತ್ತಿದರೆ ಏದುಸಿರು. ಹೃದಯದ ಬಡಿತ ನಿಧಾನ ಮಾಡುವ ಮೆಟೊಪ್ರೊಲಾಲ್ ಮಾತ್ರೆ 25 ಮಿಲಿಗ್ರಾಂ. ಡಿಸ್ಚಾರ್ಜ್ ದಿನ ಬರೆದ ಆರಂಭದ ಡೋಸ್ ಅದು, ಮೆಲ್ಲಗೆ ಏರಿಸಬೇಕಾದದ್ದು. ಎರಡು ವರ್ಷ ಅಲ್ಲೇ ನಿಂತಿದೆ. ಯಾಕೆ ಏರಿಸಲಿಲ್ಲ? ದೊಡ್ಡ ಆಸ್ಪತ್ರೆಯವರು ಊರಿನ ಡಾಕ್ಟರ್ ನೋಡಿಕೊಳ್ಳುತ್ತಾರೆ ಅಂದುಕೊಂಡರು. ಊರಿನ ಡಾಕ್ಟರ್ “ದೊಡ್ಡ ಡಾಕ್ಟ್ರು ಬರೆದದ್ದು, ನಾವು ಹೇಗೆ ಮುಟ್ಟೋದು” ಅಂದರು. ಮಧ್ಯೆ ಇವರು ಮಾತ್ರೆ ನುಂಗುತ್ತಾ, ಗುಣ ಆಗುತ್ತಿದೆ ಅಂತ ನಂಬುತ್ತಾ ಇದ್ದರು.

ಇದು ಒಬ್ಬ ಕಂಡಕ್ಟರ್ ಕಥೆಯಲ್ಲ. ದೇಶದ 53 ಆಸ್ಪತ್ರೆಗಳಲ್ಲಿ ಹೃದಯ ವೈಫಲ್ಯದ, ಅಂದರೆ ಹೃದಯ ಬೇಕಾದಷ್ಟು ರಕ್ತ ಪಂಪ್ ಮಾಡಲಾಗದ, ಹತ್ತು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ದಾಖಲಿಸಿದ ರಾಷ್ಟ್ರೀಯ ನೋಂದಣಿಯಲ್ಲಿ ವರ್ಷದೊಳಗೆ ಐವರಲ್ಲಿ ಒಬ್ಬರಿಗಿಂತ ಜಾಸ್ತಿ ಜನ ತೀರಿಹೋಗಿದ್ದರು. ಪಂಪು ದುರ್ಬಲ ಆದವರಲ್ಲಿ ಮಾರ್ಗಸೂಚಿಯ ಔಷಧಗಳು ಸಿಕ್ಕಿದ್ದು ಸುಮಾರು ಅರ್ಧ ಜನಕ್ಕೆ. ಹಾಗೆ ಸಿಕ್ಕವರಲ್ಲಿ ಸಾವು ಕಡಿಮೆ ಇತ್ತು.

2022ರಲ್ಲಿ ‘ಸ್ಟ್ರಾಂಗ್ ಎಚ್‌ಎಫ್’ ಅಂತ ಒಂದು ಪ್ರಯೋಗದ ಫಲಿತಾಂಶ ಬಂತು. ನನಗೆ ಬಹಳ ಇಷ್ಟವಾದ ಪ್ರಯೋಗ, ಯಾಕಂದರೆ ಅದರಲ್ಲಿ ಹೊಸ ಔಷಧವೇ ಇಲ್ಲ. ಇರುವ ಮಾತ್ರೆಗಳನ್ನೇ ಡಿಸ್ಚಾರ್ಜ್ ಆದ ಎರಡು ವಾರದೊಳಗೆ ಪೂರ್ತಿ ಡೋಸ್‌ಗೆ ಏರಿಸಿದರು. ಪದೇ ಪದೇ ಕರೆದು ಬಿಪಿ, ನಾಡಿ, ಪೊಟ್ಯಾಷಿಯಂ, ಕಿಡ್ನಿ ನೋಡಿದರು. ಆರು ತಿಂಗಳಲ್ಲಿ ಸತ್ತವರು ಅಥವಾ ಮತ್ತೆ ಹೃದಯ ವೈಫಲ್ಯ ಅಂತ ಆಸ್ಪತ್ರೆ ಸೇರಿದವರು ಮಾಮೂಲಿ ಗುಂಪಿನಲ್ಲಿ ಶೇ. 23.3, ಹೀಗೆ ಬೆನ್ನು ಬಿದ್ದು ನೋಡಿದವರಲ್ಲಿ ಶೇ. 15.2. ಈ ಕೆಲಸಕ್ಕೆ ಕ್ಯಾಥ್ ಲ್ಯಾಬ್ ಬೇಡ. ರಕ್ತ ಪರೀಕ್ಷೆ ಮಾಡುವ ಒಂದು ಲ್ಯಾಬ್, ಬಿಪಿ ನೋಡುವ ಒಬ್ಬರು, ಡೋಸ್ ಏರಿಸುವ ಧೈರ್ಯ ಇರುವ ಇನ್ನೊಬ್ಬರು ಸಾಕು. ಬಿಪಿ, ಶುಗರ್‌ನಂಥ ಕಾಯಿಲೆ ನೋಡುವ ನಮ್ಮ ತಾಲ್ಲೂಕಿನ ಎನ್‌ಸಿಡಿ ಕ್ಲಿನಿಕ್‌ನಲ್ಲಿ ಇವರೆಲ್ಲ ಇದ್ದಾರೆ. ಇದು ನಿಮ್ಮ ಕೆಲಸ ಅಂತ ಅವರಿಗೆ ಹೇಳಿದವರಿಲ್ಲ.

ದುಡ್ಡಿನ ಮಾತೂ ಬರುತ್ತದೆ. 2017ರಲ್ಲಿ ಕೇಂದ್ರ ಸರ್ಕಾರ ಸ್ಟೆಂಟ್ ಬೆಲೆಗೆ ಮಿತಿ ಹಾಕಿತು. ಒಂದೇ ಆದೇಶ, ರಾತ್ರಿ ಬೆಳಗಾಗುವುದರೊಳಗೆ ಲಕ್ಷದ ಸ್ಟೆಂಟ್ ಮೂವತ್ತು ಸಾವಿರದ ಒಳಗೆ ಬಂತು. ಮನಸ್ಸು ಮಾಡಿದರೆ ಎಷ್ಟು ಬೇಗ ಆಗುತ್ತದೆ ನೋಡಿ. ಆದರೆ ಸರ್ಕಾರಿ ಕಾರ್ಡಿನಲ್ಲಿ ಸ್ಟೆಂಟ್ ಪುಕ್ಕಟೆ ಆದವರಿಗೂ ಆಮೇಲಿನ ಮಾತ್ರೆ ಕೆಲವು ದಿನಕ್ಕಷ್ಟೇ. ಮುಂದೆ ಜೇಬಿನಿಂದ. ಅದರಲ್ಲೂ ಈಗ ಒಳ್ಳೆಯ ಕಾಲ ಬಂದಿದೆ. ಹೃದಯ ವೈಫಲ್ಯಕ್ಕೆ ಕೊಡುವ ಡಪಾಗ್ಲಿಫ್ಲೋಜಿನ್‌ನ ಮೊದಲ ಪೇಟೆಂಟ್ 2020ರಲ್ಲಿ ಮುಗಿಯಿತು, ಎಂಪಾಗ್ಲಿಫ್ಲೋಜಿನ್‌ದು 2025ರ ಮಾರ್ಚ್‌ನಲ್ಲಿ. ಅರವತ್ತು ರೂಪಾಯಿ ಹತ್ತಿರ ಇದ್ದ ಮಾತ್ರೆ ಹತ್ತು ರೂಪಾಯಿ ಆಸುಪಾಸಿಗೆ ಸಿಗುತ್ತಿದೆ. ಬೆಲೆ ಇಳಿದ ಸುದ್ದಿ ಷೇರು ಪೇಟೆಯವರಿಗೆ ಮೊದಲ ದಿನವೇ ಗೊತ್ತಾಯಿತು. ಆಸ್ಪತ್ರೆಗೆ ಔಷಧ ತರಿಸುವ ನಮ್ಮ ಇಂಡೆಂಟ್ ಫಾರಂಗೆ ಯಾವಾಗ ಗೊತ್ತಾಗುತ್ತದೆ?

ಮಾತ್ರೆ ಬಿಡಿಸುವವರ ಕಾಟ ಬೇರೆ. ಬೆಳ್ಳುಳ್ಳಿ, ಶುಂಠಿ, ನಿಂಬೆ ಕುದಿಸಿದ ಬ್ಲಾಕೇಜ್ ಕರಗಿಸುವ ಕಷಾಯದ ಮೆಸೇಜ್ ನನಗೇ ತಿಂಗಳಿಗೆ ನಾಲ್ಕು ಬರುತ್ತದೆ. ಕಳಿಸುವವರಲ್ಲಿ ನನ್ನ ಸ್ವಂತ ಭಾವನೂ ಇದ್ದಾರೆ, ಸ್ಟೆಂಟ್ ಹಾಕಿಸಿಕೊಂಡವರು. ನಗಬೇಕೋ ಅಳಬೇಕೋ.

ಇಲ್ಲೂ ದಾರಿ ತೋರಿಸಿದವರು ಸೇಂಟ್ ಜಾನ್ಸ್‌ನವರೇ. ದೇಶದ 14 ಆಸ್ಪತ್ರೆಗಳಿಂದ ಮನೆಗೆ ಹೋದ 806 ಹೃದಯ ರೋಗಿಗಳಲ್ಲಿ ಅರ್ಧ ಜನರ ಬೆನ್ನಿಗೆ ತರಬೇತಿ ಕೊಟ್ಟ ಆರೋಗ್ಯ ಕಾರ್ಯಕರ್ತರನ್ನು ಬಿಟ್ಟರು. ವರ್ಷ ಆದ ಮೇಲೆ ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದವರು ಆ ಗುಂಪಿನಲ್ಲಿ ಶೇ. 97, ಇನ್ನೊಂದರಲ್ಲಿ ಶೇ. 92. ಅಂತರ ಸಣ್ಣದು ಅನ್ನಿಸಬಹುದು. ಅದು ಆಸ್ಪತ್ರೆಯ ಸಂಪರ್ಕದಲ್ಲೇ ಉಳಿದವರ ಲೆಕ್ಕ. ಊರೂರಿಗೆ ಹೋಗಿ ನೋಡಿದ ‘ಪ್ಯೂರ್’ ಅಧ್ಯಯನದಲ್ಲಿ, ಭಾರತವೂ ಸೇರಿದ ಬಡ ದೇಶಗಳ ಗುಂಪಿನಲ್ಲಿ, ಹೃದಯಾಘಾತ ಅಥವಾ ಪಾರ್ಶ್ವವಾಯು ಆಗಿದ್ದವರಲ್ಲಿ ಶೇ. 80 ಜನ ಮತ್ತೆ ಆಗದಂತೆ ತಡೆಯುವ ಔಷಧಗಳಲ್ಲಿ ಒಂದನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ನಿಮ್ಮ ಗೃಹ ಆರೋಗ್ಯ ಯೋಜನೆಯಲ್ಲಿ ಈಗಲೇ ಮನೆ ಮನೆಗೆ ಹೋಗಿ ಬಿಪಿ, ಶುಗರ್ ನೋಡುತ್ತಿದ್ದಾರೆ. “ಸ್ಟೆಂಟ್ ಹಾಕ್ಸಿದ್ದೀರಾ? ಮಾತ್ರೆ ತೋರ್ಸಿ” ಅನ್ನುವ ಒಂದು ಪ್ರಶ್ನೆ ಸೇರಿಸಿ. ಆದರೆ ಆಶಾ ತಾಯಂದಿರಿಗೆ ಕೆಲಸ ಸೇರಿಸುವ ದಿನವೇ ಗೌರವಧನಕ್ಕೂ ಸೇರಿಸಿ. ಸುಮ್ನೆ ಹೊರಿಸಬೇಡಿ.

ಈ ಮಾರ್ಗಸೂಚಿಗಳೆಲ್ಲ ಬಿಳಿಯರಿಗೆ ಬರೆದದ್ದು, ನಮ್ಮವರ ಮೈ ಬೇರೆ ಅನ್ನುವ ವೈದ್ಯ ಮಿತ್ರರಿದ್ದಾರೆ. ಅರ್ಧ ನಿಜ. ದಕ್ಷಿಣ ಏಷ್ಯಾದವರಿಗೆ ಮೊದಲ ಅಟ್ಯಾಕ್ ಬರುವ ವಯಸ್ಸು ಸುಮಾರು 53, ಬೇರೆಯವರಿಗೆ 59. ಅಂದರೆ ನಾವು ಬೇಗ ಎಚ್ಚರ ಆಗಬೇಕು ಅಂತ ಅರ್ಥ, ತಡ ಮಾಡಬಹುದು ಅಂತಲ್ಲ. ಭಾರತೀಯ ಹೃದ್ರೋಗ ತಜ್ಞರ ಸಂಘವೇ 2024ರಲ್ಲಿ ಕೊಲೆಸ್ಟ್ರಾಲ್‌ಗೆ ನಮ್ಮದೇ ಮಾರ್ಗಸೂಚಿ ಕೊಟ್ಟಿದೆ. ಅಟ್ಯಾಕ್ ಆದವರ ಕೆಟ್ಟ ಕೊಲೆಸ್ಟ್ರಾಲ್ 55ಕ್ಕಿಂತ ಕೆಳಗಿರಲಿ ಅನ್ನುತ್ತದೆ ಅದು. ಅವರಿಗೂ 100 ಇದ್ದರೆ “ನಾರ್ಮಲ್” ಅಂತ ಹೇಳಿ ಕಳಿಸುವ ಕ್ಲಿನಿಕ್‌ಗಳು ನನ್ನ ಬೀದಿಯಲ್ಲೇ ಇವೆ.

ಬೇಗ ಹಿಡಿಯುವುದು ಮಾತ್ರ ಅಲ್ಲ, ಬೇಗ ಬಿಡುವುದೂ ಬೇಕು. ಆಕ್ಸಿಜನ್ ಮಟ್ಟ ಸರಿಯಾಗಿದ್ದರೆ ಅಟ್ಯಾಕ್ ಆದವರಿಗೆ ಆಕ್ಸಿಜನ್‌ನಿಂದ ಲಾಭವಿಲ್ಲ ಅಂತ 2017ರಲ್ಲೇ ಸ್ವೀಡನ್ನಿನವರು ತೋರಿಸಿದರು. ಇಲ್ಲಿ ಇನ್ನೂ ಮೊದಲು ಮಾಸ್ಕ್, ಆಮೇಲೆ ಇಸಿಜಿ. ಹೃದಯದ ಕಾಯಿಲೆಯೇ ಇಲ್ಲದ 70 ದಾಟಿದವರಿಗೆ ದಿನಾ ಆಸ್ಪಿರಿನ್‌ನಿಂದ ಉಪಯೋಗಕ್ಕಿಂತ ರಕ್ತಸ್ರಾವ ಜಾಸ್ತಿ ಅಂತ 2018ರಲ್ಲಿ 19 ಸಾವಿರ ಜನರ ಅಧ್ಯಯನ ಹೇಳಿತು. ನಮ್ಮ ವಾಕಿಂಗ್ ಗೆಳೆಯರಲ್ಲಿ ಅರ್ಧ ಜನ ಈಗಲೂ ರಾತ್ರಿ ಊಟ ಆದ ಮೇಲೆ ಒಂದು ಇಕೋಸ್ಪ್ರಿನ್, “ರಕ್ತ ತೆಳ್ಳಗಿರ್ಲಿ” ಅಂತ. ಅಟ್ಯಾಕ್ ಆಗಿಯೂ ಪಂಪು ಚೆನ್ನಾಗಿರುವವರಿಗೆ ಮೆಟೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್ ಮಾತ್ರೆ ಬೇಕಾ ಬೇಡವಾ ಅನ್ನುವುದೇ ಈಗ ಚರ್ಚೆ. 2024ರ ನಂತರದ ದೊಡ್ಡ ಪ್ರಯೋಗಗಳು ಒಂದೇ ದನಿಯಲ್ಲಿ ಮಾತಾಡುತ್ತಿಲ್ಲ. ಅದಕ್ಕೇ ಆ ಎರಡು ಪುಟ ಪ್ರತಿ ವರ್ಷ ಹೊಸದಾಗಿ ಬರಬೇಕು ಅನ್ನುತ್ತಿರುವುದು. ಗೋಡೆಗೆ ಒಮ್ಮೆ ಅಂಟಿಸಿದ್ದು ಹಳದಿ ಆಗುವ ತನಕ ಇದ್ದರೆ ಅದೂ ಅಪಾಯವೇ.

ಪೋಸ್ಟರ್, ಚೆಕ್‌ಲಿಸ್ಟ್, ತರಬೇತಿ ಶಿಬಿರ ಮಾಡಿ ಮುಗಿಸಿಬಿಡುವ ಆಸೆ ಇಲಾಖೆಗೆ ಬರಬಹುದು. ಅದಕ್ಕೆ ಕೇರಳದ ಪಾಠ ಹೇಳಿಬಿಡುತ್ತೇನೆ. ಅಲ್ಲಿ 2014ರಿಂದ 2016ರವರೆಗೆ 63 ಆಸ್ಪತ್ರೆಗಳಲ್ಲಿ, 21,374 ರೋಗಿಗಳ ಮೇಲೆ ಇದನ್ನೇ ಪರೀಕ್ಷೆ ಮಾಡಿದರು. ಚೆಕ್‌ಲಿಸ್ಟ್ ಕೊಟ್ಟರು, ತರಬೇತಿ ಕೊಟ್ಟರು, ಆಸ್ಪತ್ರೆಯ ಸಾಧನೆಯನ್ನು ಅದಕ್ಕೇ ತೋರಿಸಿದರು. ಚಿಕಿತ್ಸೆಯ ಗುಣಮಟ್ಟ ಸ್ವಲ್ಪ ಏರಿತು. ಆದರೆ ತಿಂಗಳೊಳಗಿನ ಸಾವು ಮತ್ತು ತೊಂದರೆಗಳಲ್ಲಿ, ಎಲ್ಲ ಲೆಕ್ಕ ಸರಿದೂಗಿಸಿ ನೋಡಿದಾಗ, ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಆ ಸಂಶೋಧಕರು ಇದನ್ನು ಮುಚ್ಚಿಡದೆ ಪ್ರಕಟಿಸಿದ್ದಕ್ಕೆ ನನಗೆ ಗೌರವ ಇದೆ. ನಾನು ಅದರಿಂದ ಕಲಿತದ್ದು, ಕಾಗದ ಕೊಟ್ಟರೆ ಸಾಲದು, ಅಧಿಕಾರ ಮತ್ತು ಆಳು ಎರಡೂ ಬೇಕು. ಬೇರೆಯವರು ಬೇರೆ ಹೇಳಬಹುದು.

ಕೊನೆಯ ಬೇಡಿಕೆ, ಖರ್ಚಿಲ್ಲದ್ದು. ಕ್ಯಾಶುವಾಲ್ಟಿ ರಿಜಿಸ್ಟರ್‌ನಲ್ಲಿ ಮೂರು ಕಾಲಂ ಹಾಕಿಸಿ: ರೋಗಿ ಬಂದ ಸಮಯ, ಇಸಿಜಿ ಸಮಯ, ಇಂಜೆಕ್ಷನ್ ಸಮಯ. ತಿಂಗಳಿಗೊಮ್ಮೆ ತಾಲ್ಲೂಕುವಾರು ಪ್ರಕಟಿಸಿ, ಜನರಿಗೂ ಕಾಣಲಿ. ಹಿಂದೆ ಬಿದ್ದವರಿಗೆ ನೋಟಿಸ್ ಕೊಡಬೇಡಿ, ದಯವಿಟ್ಟು. ನೋಟಿಸ್ ಬಂದ ಮರುದಿನದಿಂದ ಎಲ್ಲ ಇಸಿಜಿಗಳೂ ಒಂಬತ್ತು ನಿಮಿಷದಲ್ಲಿ ಆಗಿರುತ್ತವೆ, ರಿಜಿಸ್ಟರ್‌ನಲ್ಲಿ. ನಾನೂ ಸರ್ಕಾರಿ ನೌಕರನೇ ಆಗಿದ್ದೆ. ಹಿಂದೆ ಬಿದ್ದಲ್ಲಿಗೆ ಒಬ್ಬರನ್ನು ಕಳಿಸಿ, ಬೀಗದ ಕೈ ಎಲ್ಲಿದೆ ಅಂತ ಕೇಳಿಸಿ.

ಇಂತಿ ನಮಸ್ಕಾರಗಳೊಂದಿಗೆ,
ಒಬ್ಬ ನಿವೃತ್ತ ತಾಲ್ಲೂಕು ವೈದ್ಯ

ಮರೆತಿದ್ದೆ: ಇಸಿಜಿ ಪೇಪರ್ ರೋಲ್ ಮತ್ತು ಜೆಲ್‌ನ ಇಂಡೆಂಟ್ ಮೂರು ತಿಂಗಳಿಗೊಮ್ಮೆ ಪಾಸಾಗುವ ಪದ್ಧತಿ ನಮ್ಮ ಕಾಲದಲ್ಲಿತ್ತು. ಎರಡನೇ ತಿಂಗಳ ಕೊನೆಗೆ ರೋಲ್ ಖಾಲಿ. ಈಗಲೂ ಹಾಗೇ ಇದ್ದರೆ, ಮೇಲಿನದ್ದನ್ನೆಲ್ಲ ಬಿಟ್ಟು ಮೊದಲು ಅದನ್ನು ಸರಿ ಮಾಡಿಸಿ.